ಓನಾಮದ ಮರುದಿನ

(ಬಾನುಲಿ ಭಾಷಣ)

ಮೇ ತಿಂಗಳು ಮುಗಿಯುವ ಹೊತ್ತಿಗೆ ನಮ್ಮ ಊರುಗಳಲ್ಲಿ ಎರಡು ವಾಸನೆಗಳು ಒಟ್ಟಿಗೆ ಹರಡುತ್ತವೆ. ಒಂದು, ಮೊದಲ ಮಳೆಗೆ ನೆನೆದ ಮಣ್ಣಿನದು. ಇನ್ನೊಂದು, ಹೊಸ ಪುಸ್ತಕದ್ದು. ಬೇಸಿಗೆಯ ರಜೆ ಮುಗಿದು ಶಾಲೆಯ ಬಾಗಿಲು ತೆರೆಯುತ್ತದೆ. ಈಚಿನ ವರ್ಷಗಳಲ್ಲಿ ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ ಆ ದಿನವನ್ನು ‘ಪ್ರಾರಂಭೋತ್ಸವ’ವೆಂದು ಆಚರಿಸುವ ರೂಢಿ ಬೆಳೆದುಬಂದಿದೆ. ಬಾಗಿಲಿಗೆ ಮಾವಿನ ತೋರಣ, ಅಂಗಳದಲ್ಲಿ ರಂಗವಲ್ಲಿ, ಹೊಸದಾಗಿ ಸೇರುವ ಮಗುವಿನ ಕೈಗೆ ಒಂದು ಗುಲಾಬಿ. ಕೆಲವು ಹಳ್ಳಿಗಳಲ್ಲಿ ಮಕ್ಕಳನ್ನು ಸಿಂಗರಿಸಿದ ಎತ್ತಿನ ಗಾಡಿಯಲ್ಲೋ ಟ್ರಾಕ್ಟರಿನಲ್ಲೋ ಕೂರಿಸಿ, ಮುಂದೆ ತಮಟೆ ಬಾರಿಸಿಕೊಂಡು, ಉಪಾಧ್ಯಾಯರು ಊರೆಲ್ಲ ಸುತ್ತಿಸಿ ಶಾಲೆಗೆ ಕರೆತರುತ್ತಾರೆ. ಮಧ್ಯಾಹ್ನದ ಊಟದಲ್ಲಿ ಒಂದು ಸಿಹಿ.

ಇದನ್ನು ಕಂಡು, “ಇದೆಲ್ಲ ಈ ಕಾಲದ ಆಡಂಬರ, ನಮ್ಮ ಕಾಲದಲ್ಲಿ ಕಿವಿ ಹಿಡಿದು ಎಳೆದುಕೊಂಡು ಹೋಗಿ ಕೂರಿಸುತ್ತಿದ್ದರು” ಎನ್ನುವ ಹಿರಿಯರುಂಟು. ನಾನೂ ಆ ವಯಸ್ಸಿನವನೇ. ಆದರೆ ಆ ಮಾತು ಪೂರ್ತಿ ನಿಜವಲ್ಲವೆಂದು ನನಗೆ ತೋರುತ್ತದೆ. ಮಗುವಿನ ಮೊದಲ ದಿನಕ್ಕೆ ಒಂದು ಸಡಗರವಿರಬೇಕೆಂಬ ತಿಳಿವಳಿಕೆ ನಮ್ಮಲ್ಲಿ ಹಳೆಯದು. ಆ ಸಡಗರ ಯಾರ ಪಾಲಿಗೆ ಇತ್ತು, ಯಾರ ಪಾಲಿಗೆ ಇರಲಿಲ್ಲ, ಮರುದಿನ ಏನಾಗುತ್ತಿತ್ತು ಎಂಬುದನ್ನು ಮಾತ್ರ ನಾವು ಕೇಳಿಕೊಂಡದ್ದು ಕಡಿಮೆ. ಈ ಹೊತ್ತು ಆ ಬಗ್ಗೆ ನಾಲ್ಕು ಮಾತುಗಳನ್ನಾಡಬಯಸುತ್ತೇನೆ.

ಮೊದಲು ನನ್ನದೇ ಕಥೆ. ನಾನು ಶಾಲೆಗೆ ಸೇರಿದ್ದು 1956ರ ಜೂನ್ ತಿಂಗಳಿನಲ್ಲಿ, ಹಳೆಯ ಮೈಸೂರು ಸೀಮೆಯ ಒಂದು ಸಣ್ಣ ಹಳ್ಳಿಯಲ್ಲಿ. ಕರೆದುಕೊಂಡು ಹೋದವಳು ನಮ್ಮ ಅಜ್ಜಿ. ಮೇಷ್ಟ್ರು ನನ್ನ ಬಲಗೈಯನ್ನು ತಲೆಯ ಮೇಲಿಂದ ಹಾಯಿಸಿ ಎಡಗಿವಿಯನ್ನು ಮುಟ್ಟಿಸಿದರು. ಬೆರಳು ಕಿವಿಗೆ ಎಟುಕಿತು. ಅಲ್ಲಿಗೆ ನನಗೆ ವಯಸ್ಸಾಗಿದೆಯೆಂದು ತೀರ್ಮಾನವಾಯಿತು. “ಹುಟ್ಟಿದ್ದು ಯಾವಾಗಮ್ಮ?” ಎಂದು ಕೇಳಿದರು. “ಕೆರೆ ಕೋಡಿ ಬಿದ್ದ ವರ್ಷ, ನವರಾತ್ರಿ ಕಳೆದ ಮೇಲೆ” ಎಂದಳು ಅಜ್ಜಿ. ಮೇಷ್ಟ್ರು ಬೆರಳು ಮಡಿಸಿ ಲೆಕ್ಕ ಹಾಕಿ, ದಾಖಲೆಯ ಪುಸ್ತಕದಲ್ಲಿ ಜೂನ್ 1 ಎಂದು ಬರೆದುಕೊಂಡರು. ಆ ಕಾಲದಲ್ಲಿ ಶಾಲೆ ಸೇರಿದ ಎಷ್ಟೋ ಮಂದಿಯ ಹುಟ್ಟುಹಬ್ಬ ಇವತ್ತಿಗೂ ಜೂನ್ ಒಂದರಂದೇ ಬರುತ್ತದೆ. ತಾಯಿ ಹೆತ್ತ ದಿನ ಬೇರೆ, ಶಾಲೆ ಹೆತ್ತ ದಿನ ಬೇರೆ. ಪಿಂಚಣಿಯ ಕಾಗದದವರೆಗೂ ನಮ್ಮ ಸಂಗಡ ಬಂದದ್ದು ಎರಡನೆಯದೇ.

ಅಜ್ಜಿ ಹೊರಡುವುದನ್ನು ಕಂಡೊಡನೆ ನಾನು ಜಗಲಿಯ ಕಂಬವನ್ನು ತಬ್ಬಿಕೊಂಡು ಅಳಲಾರಂಭಿಸಿದೆ. ಮೇಷ್ಟ್ರು ಎಳೆಯಲಿಲ್ಲ, ಗದರಲಿಲ್ಲ. ಸೂರಿನ ತೊಲೆಗೆ ರೈಲುಕಂಬಿಯ ಒಂದು ತುಂಡನ್ನು ತೂಗುಹಾಕಿದ್ದರು. ಅದೇ ನಮ್ಮ ಶಾಲೆಯ ಗಂಟೆ. ಒಂದು ಕಬ್ಬಿಣದ ಸರಳನ್ನು ನನ್ನ ಕೈಗೆ ಕೊಟ್ಟು, ನನ್ನನ್ನು ಎತ್ತಿ ಹಿಡಿದು, “ಬಾರಿಸಪ್ಪ, ಊರಿಗೆಲ್ಲ ಕೇಳಲಿ” ಎಂದರು. ನಾನು ಬಾರಿಸಿದೆ. ಅಳು ಎಲ್ಲಿ ಹೋಯಿತೋ ತಿಳಿಯದು. ಊರಿನ ಶಾಲೆ ನನ್ನ ಕೈಯಿಂದ ಆರಂಭವಾಯಿತೆಂದು ಆ ದಿನವೆಲ್ಲ ಬೀಗಿದ್ದೆ. ತೋರಣವಿರಲಿಲ್ಲ, ಗುಲಾಬಿಯಿರಲಿಲ್ಲ, ಆದರೂ ಅದು ಪ್ರಾರಂಭೋತ್ಸವವೇ ಆಗಿತ್ತು.

ಈ ತಿಳಿವಳಿಕೆ ಹಳೆಯದು ಎಂದೆನಲ್ಲ, ಎಷ್ಟು ಹಳೆಯದು? ಅದಕ್ಕೆ ಕನ್ನಡ ನಾಡಿನದೇ ಒಂದು ಒಳ್ಳೆಯ ಸಾಕ್ಷಿಯಿದೆ. ಮದರಾಸು ಪ್ರಾಂತದ ಗವರ್ನರಾಗಿದ್ದ ಥಾಮಸ್ ಮನ್ರೋ 1822ರ ಜೂನ್ 25ರಂದು ತನ್ನ ಅಧೀನದ ಜಿಲ್ಲೆಗಳಲ್ಲಿ ಎಷ್ಟು ಶಾಲೆಗಳಿವೆ, ಯಾವ ಜಾತಿಯ ಎಷ್ಟು ಮಕ್ಕಳು ಓದುತ್ತಿದ್ದಾರೆ ಎಂಬ ಲೆಕ್ಕವನ್ನು ತರಿಸಬೇಕೆಂದು ಬರೆದ. ಬಳ್ಳಾರಿಯ ಕಲೆಕ್ಟರ್ ಎ. ಡಿ. ಕ್ಯಾಂಪ್‌ಬೆಲ್ ಉತ್ತರ ಕಳಿಸಿದ್ದು 1823ರ ಆಗಸ್ಟ್ 17ರಂದು. ಈತ ತೆಲುಗು ಭಾಷೆಗೆ ವ್ಯಾಕರಣ ಬರೆದವನು. ಅಂಕಿಗಳನ್ನು ಕಳಿಸಿ ಕೈತೊಳೆದುಕೊಳ್ಳದೆ, ಶಾಲೆಯ ಒಳಗೆ ಏನು ನಡೆಯುತ್ತದೆಂಬುದನ್ನೂ ಬಣ್ಣಿಸಿದ. ಮನ್ರೋನಿಗೆ ಬಂದ ಈ ಪತ್ರಗಳನ್ನು ಧರಂಪಾಲರು ಸಂಗ್ರಹಿಸಿ 1983ರಲ್ಲಿ ಪ್ರಕಟಿಸಿದ ಮೇಲೆ ಅವು ಎಲ್ಲರಿಗೂ ಓದಲು ದೊರೆಯುವಂತಾದವು.

ಕ್ಯಾಂಪ್‌ಬೆಲ್ ಹೇಳುವ ಮೊದಲ ದಿನ ಹೀಗಿದೆ. ಹುಡುಗನಿಗೆ ಐದು ವರ್ಷವಾದಾಗ ತಂದೆತಾಯಿಗಳು ಐಗಳನ್ನೂ ಅವರ ಶಾಲೆಯ ಮಕ್ಕಳನ್ನೂ ಮನೆಗೆ ಆಹ್ವಾನಿಸುತ್ತಾರೆ. ಗಣಪತಿಯ ವಿಗ್ರಹದ ಸುತ್ತ ಎಲ್ಲರೂ ವೃತ್ತಾಕಾರವಾಗಿ ಕೂರುತ್ತಾರೆ. ಹೊಸ ಹುಡುಗನನ್ನು ವಿಗ್ರಹಕ್ಕೆ ಎದುರಾಗಿ ಕೂರಿಸಿ, ಐಗಳು ಪಕ್ಕದಲ್ಲಿ ಕೂತು, ಧೂಪ ನೈವೇದ್ಯಗಳನ್ನು ಮಾಡಿ, ಬುದ್ಧಿ ಕೊಡೆಂದು ದೇವರನ್ನು ಬೇಡುವ ಪ್ರಾರ್ಥನೆಯನ್ನು ಹುಡುಗನಿಂದ ಹೇಳಿಸುತ್ತಾರೆ. ಬಳಿಕ ಅವನ ಬೆರಳನ್ನು ಹಿಡಿದು ಅಕ್ಕಿಯ ಮೇಲೆ ದೇವರ ಹೆಸರನ್ನು ಬರೆಸುತ್ತಾರೆ. ತಂದೆತಾಯಿಗಳು ಶಕ್ತ್ಯನುಸಾರ ಕಾಣಿಕೆ ಕೊಟ್ಟು ಐಗಳನ್ನು ಕಳಿಸಿಕೊಡುತ್ತಾರೆ. ಹುಡುಗನ ಓದು ಆರಂಭವಾಗುವುದು ಮರುದಿನ ಬೆಳಗ್ಗೆ.

ಈ ವರ್ಣನೆಯಲ್ಲಿ ನನ್ನ ಮನಸ್ಸನ್ನು ಸೆಳೆದದ್ದು ಪೂಜೆಗಿಂತ ಹೆಚ್ಚಾಗಿ ಅಲ್ಲಿ ಸೇರಿದ ಜನ. ಮಗು ಶಾಲೆಗೆ ಹೋಗುವ ಮೊದಲು ಶಾಲೆಯೇ ಮಗುವಿನ ಮನೆಗೆ ಬರುತ್ತದೆ. ಐಗಳೊಬ್ಬರೇ ಬರುವುದಿಲ್ಲ, ನಾಳೆ ಯಾರ ಪಕ್ಕದಲ್ಲಿ ಕೂರಬೇಕೋ ಆ ಮಕ್ಕಳೆಲ್ಲರೂ ಬರುತ್ತಾರೆ. ತನ್ನ ಮನೆಯ ಚಾಪೆಯ ಮೇಲೆ, ತನ್ನ ತಾಯಿಯ ಕಣ್ಣೆದುರಿಗೆ, ತನ್ನ ಮನೆಯ ಅಕ್ಕಿಯಲ್ಲಿ ಹುಡುಗ ಮೊದಲ ಅಕ್ಷರವನ್ನು ತಿದ್ದುತ್ತಾನೆ. ಮರುದಿನ ಅವನು ಹೋಗುವ ಜಾಗ ಹೊಸದಿರಬಹುದು, ಮುಖಗಳು ಹೊಸವಲ್ಲ. ಈ ಏರ್ಪಾಟನ್ನು ಮೊದಲು ಮಾಡಿದವರು ಮಗುವಿನ ಅಂಜಿಕೆಯನ್ನು ಬಲ್ಲವರಾಗಿದ್ದರು ಎಂಬುದರಲ್ಲಿ ನನಗೆ ಸಂದೇಹವಿಲ್ಲ. ‘ಓಂ ನಮಃ’ ಎಂಬ ಆ ಮೊದಲ ಬರಹವೇ ಜನರ ಬಾಯಲ್ಲಿ ಸವೆದು ‘ಓನಾಮ’ವಾಯಿತು. ಯಾವ ವಿದ್ಯೆಯ ಮೊದಲ ಪಾಠಕ್ಕೂ ನಾವು ಇಂದಿಗೂ ಆ ಹೆಸರನ್ನೇ ಹೇಳುತ್ತೇವೆ.

ಓನಾಮದ ಮುಂದಿನ ದಾರಿಯನ್ನೂ ಕ್ಯಾಂಪ್‌ಬೆಲ್ ಗಮನವಿಟ್ಟು ನೋಡಿದ್ದಾನೆ. ಯೂರೋಪಿನಲ್ಲಿ ಮಕ್ಕಳು ಅಕ್ಷರಗಳನ್ನು ಬಾಯಿಂದ ಹೇಳಿ ಕಲಿತರೆ, ಇಲ್ಲಿ ನೆಲದ ಮರಳಿನ ಮೇಲೆ ಬೆರಳಿನಿಂದ ತಿದ್ದಿ ಕಲಿಯುತ್ತಿದ್ದರು. ಬೆರಳು ಪಳಗಿದ ಮೇಲೆ ಹಲಗೆ, ಇಲ್ಲವೆ ಕಡತ. ಒಂದಡಿ ಅಗಲ, ಮೂರಡಿ ಉದ್ದದ ಮರದ ಹಲಗೆಯನ್ನು ನಯಮಾಡಿ ಅಕ್ಕಿಯ ಗಂಜಿ, ಇದ್ದಲಪುಡಿ ಬಳಿದರೆ ಬರೆಯಲು ಸಿದ್ಧ. ಕಡತವೆಂದರೆ ಗಂಜಿ ಹಾಕಿ ಗಡುಸಾಗಿಸಿ, ಪುಸ್ತಕದಂತೆ ಮಡಿಸಿ, ಇದ್ದಲು ಅಂಟುಗಳ ಲೇಪ ಕೊಟ್ಟ ಬಟ್ಟೆ. ಎರಡರ ಮೇಲೂ ಬರೆಯುವುದು ಬಳಪದಿಂದ, ಒರಸುವುದು ಒದ್ದೆ ಬಟ್ಟೆಯಿಂದ. ಇಂದು ‘ಕಡತ’ವೆಂದರೆ ನಮ್ಮ ಕಣ್ಣಿಗೆ ಬರುವುದು ಕಚೇರಿಯ ಧೂಳು ಹಿಡಿದ ಕಟ್ಟು. ಆ ಮಾತು ಒಂದು ಕಾಲಕ್ಕೆ ಮಕ್ಕಳ ತೊಡೆಯ ಮೇಲೂ ಇತ್ತೆಂಬುದನ್ನು ನೆನೆದರೆ ಸಂತೋಷವಾಗುತ್ತದೆ.

ಇನ್ನು ಮರುದಿನದ ಬೆಳಗು. ಶಾಲೆ ತೆರೆಯುವುದು ಆರು ಗಂಟೆಗೆ. ಎಲ್ಲರಿಗಿಂತ ಮೊದಲು ಬಂದ ಹುಡುಗನ ಅಂಗೈಯಲ್ಲಿ ‘ಸರಸ್ವತಿ’ ಎಂದು ಬರೆಯುತ್ತಾರೆ, ಅದು ಗೌರವ. ಎರಡನೆಯವನ ಅಂಗೈಯಲ್ಲಿ ಸೊನ್ನೆ. ಅವನಿಗೆ ಹೊಗಳಿಕೆಯೂ ಇಲ್ಲ, ತೆಗಳಿಕೆಯೂ ಇಲ್ಲ. ಮೂರನೆಯವನಿಗೆ ಮೆಲ್ಲಗೆ ಒಂದು ಏಟು, ನಾಲ್ಕನೆಯವನಿಗೆ ಎರಡು. ಆಮೇಲೆ ಬಂದವರಿಗೆ ಒಬ್ಬೊಬ್ಬರಿಗೂ ಒಂದೊಂದು ಹೆಚ್ಚು. ಹನ್ನೆರಡು ಮಕ್ಕಳ ಶಾಲೆಯಲ್ಲಿ ಕೊನೆಯವನಿಗೆ ಎಷ್ಟು ಬೀಳುತ್ತಿತ್ತೆಂದು ತಾವೇ ಲೆಕ್ಕ ಹಾಕಬಹುದು. ಸೋಮಾರಿಗಳೆನಿಸಿದವರನ್ನು ಎರಡೂ ಕೈ ಕಟ್ಟಿ ಸೂರಿಗೆ ತೂಗುಹಾಕುವ ಶಿಕ್ಷೆಯನ್ನೂ ಕ್ಯಾಂಪ್‌ಬೆಲ್ ಹೇಳುತ್ತಾನೆ. ಕೂಲಿಮಠಗಳ ನೆನಪುಳ್ಳ ಹಿರಿಯರು ಅದನ್ನು ‘ಕೋದಂಡ’ವೆಂದು ಕರೆಯುತ್ತಿದ್ದರು. ಎಡೆಬಿಡದೆ ಬಸ್ಕಿ ಹೊಡೆಸುವುದನ್ನೂ ಅವನು ಕಂಡಿದ್ದಾನೆ. ಅದು ದೇಹಕ್ಕೆ ಬಹುಶಃ ಒಳ್ಳೆಯದೇ ಇರಬಹುದೆಂದು ಒಂದು ಒಣ ಮಾತನ್ನೂ ಸೇರಿಸಿದ್ದಾನೆ.

ನ್ಯಾಯವಾಗಿ ಒಂದು ಮಾತು ಹೇಳಬೇಕು. ಕ್ಯಾಂಪ್‌ಬೆಲ್ ಈ ಶಾಲೆಗಳನ್ನು ಹಳಿಯಲೆಂದೇ ಬರೆದವನಲ್ಲ. ಮುಂದುವರಿದ ಮಕ್ಕಳಿಂದ ಚಿಕ್ಕವರಿಗೆ ಕಲಿಸುವ ಕ್ರಮ, ಬರವಣಿಗೆಯನ್ನು ಇಷ್ಟು ಕಡಿಮೆ ಖರ್ಚಿನಲ್ಲಿ ಕಲಿಸುವ ಜಾಣ್ಮೆ, ಇವುಗಳನ್ನು ಅವನು ಮನಸಾರೆ ಮೆಚ್ಚಿದ್ದಾನೆ. ಇಂಗ್ಲೆಂಡ್ ಇದನ್ನು ಅನುಕರಿಸಿದ್ದು ಯುಕ್ತವೇ ಎಂದಿದ್ದಾನೆ. ಮದರಾಸಿನಲ್ಲಿ ಅನಾಥಾಲಯವೊಂದರ ಮೇಲ್ವಿಚಾರಕನಾಗಿದ್ದ ಆಂಡ್ರೂ ಬೆಲ್ ಈ ಕ್ರಮದ ಮೇಲೆ 1797ರಲ್ಲಿ ಪುಸ್ತಕ ಬರೆದು, ಇಂಗ್ಲೆಂಡಿನಲ್ಲಿ ‘ಮದರಾಸು ಪದ್ಧತಿ’ ಎಂದೇ ಅದು ಹೆಸರಾಗಿತ್ತು. ಊರುಗಳು ಬಡವಾಗುತ್ತ ಬಂದುದರಿಂದ, ಹಿಂದೆ ಶಾಲೆಗಳಿದ್ದ ಎಷ್ಟೋ ಹಳ್ಳಿಗಳಲ್ಲಿ ಈಗ ಶಾಲೆಯೇ ಇಲ್ಲವೆಂದು ತನ್ನ ಸರ್ಕಾರಕ್ಕೇ ತಿಳಿಸುವಷ್ಟು ಪ್ರಾಮಾಣಿಕತೆಯೂ ಕ್ಯಾಂಪ್‌ಬೆಲ್ಲನಲ್ಲಿತ್ತು.

ಆದರೂ ಅಂಕಿಗಳತ್ತ ಕಣ್ಣು ಹಾಯಿಸದೆ ಇರಲಾಗದು. ಆಗಿನ ಬಳ್ಳಾರಿ ಜಿಲ್ಲೆಯಲ್ಲಿ ಇಂದಿನ ಅನಂತಪುರದ ಕಡೆಯೂ ಸೇರಿತ್ತು. ಜನಸಂಖ್ಯೆ ಒಂಬತ್ತು ಲಕ್ಷಕ್ಕೂ ಮೇಲೆ. ಶಾಲೆಗಳು 533, ಅವುಗಳಲ್ಲಿ ಕನ್ನಡದವು 235, ತೆಲುಗಿನವು 226. ಓದುತ್ತಿದ್ದ ಮಕ್ಕಳು 6,641. ಎಂದರೆ ಸಾವಿರ ಜನರಲ್ಲಿ ಸುಮಾರು ಏಳು ಮಂದಿ ಮಾತ್ರ. ಅವರಲ್ಲಿ ಹೆಣ್ಣುಮಕ್ಕಳು ಅರವತ್ತು. ಇಡೀ ಜಿಲ್ಲೆಗೆ ಅರವತ್ತು! ಗಣಪತಿಯ ಮುಂದೆ ಅಕ್ಕಿ ಹರಡಿ ಐಗಳನ್ನು ಕಾಯುತ್ತಿದ್ದ ಆ ಮನೆಗಳ ಹೊಸ್ತಿಲಲ್ಲಿ ನಿಂತು ನೋಡುತ್ತಿದ್ದ ಅಕ್ಕತಂಗಿಯರನ್ನು ನಾನು ಕಲ್ಪಿಸಿಕೊಳ್ಳುತ್ತೇನೆ. ಅಕ್ಕಿಯನ್ನು ಆರಿಸಿ, ಕಲ್ಲು ತೆಗೆದು, ತಟ್ಟೆಗೆ ಸುರಿದವರು ಅವರೇ ಇರಬೇಕು. ಶಾಲೆ ಮನೆಗೆ ಬಂದರೂ ಅವರ ಬಳಿಗೆ ಬರಲಿಲ್ಲ. ಐಗಳಿಗೆ ತಿಂಗಳ ವರ್ತನೆ ಕೊಡಲಾರದ ಮನೆಗಳಿಗೂ ಶಾಲೆ ಬರಲಿಲ್ಲ. ಊರ ಹೊರಗಿನ ಕೇರಿಗಳ ಮಾತಂತೂ ಬೇಡ.

ಬೇಡವೆಂದು ಬಿಡುವಂತಿಲ್ಲ. ಬಳ್ಳಾರಿಯ ಆ ಪತ್ರದ ಮೂವತ್ಮೂರು ವರ್ಷಗಳ ನಂತರ ಕನ್ನಡ ನಾಡಿನ ಇನ್ನೊಂದು ಊರಿನಲ್ಲಿ, ಮುಂಬಯಿ ಪ್ರಾಂತಕ್ಕೆ ಸೇರಿದ್ದ ಧಾರವಾಡದಲ್ಲಿ, ಒಂದು ಮೊದಲ ದಿನ ಬರಲೇ ಇಲ್ಲ. 1856ರ ಜೂನ್ ತಿಂಗಳಿನಲ್ಲಿ, ಆಗ ಅಸ್ಪೃಶ್ಯರೆಂದು ಎಣಿಸಲ್ಪಟ್ಟಿದ್ದ ಮಹಾರ್ ಜಾತಿಯ ಒಬ್ಬ ಹುಡುಗ, ಧಾರವಾಡದ ಸರ್ಕಾರಿ ಶಾಲೆಯಲ್ಲಿ ತನಗೆ ಪ್ರವೇಶ ಸಿಗುತ್ತಿಲ್ಲವೆಂದು ಮುಂಬಯಿ ಸರ್ಕಾರಕ್ಕೆ ಅರ್ಜಿ ಬರೆದುಕೊಂಡ. ಇವನನ್ನು ಕರೆಯಲು ಯಾವ ಐಗಳೂ ಬಂದವರಲ್ಲ. ತಾನೇ ಬಾಗಿಲಿಗೆ ಬಂದು ನಿಂತವನು. ಸರ್ಕಾರ ಜುಲೈ 21ರಂದು ನಿರ್ಣಯ ಮಾಡಿತು. ನ್ಯಾಯ ಹುಡುಗನ ಪಕ್ಷದಲ್ಲಿದೆಯೆಂದು ಒಪ್ಪಿತು. ಆದರೆ ಒಬ್ಬನ ಸಲುವಾಗಿ ತಲೆತಲಾಂತರದ ನಂಬಿಕೆಗಳನ್ನು ಕೆಣಕಿದರೆ ಉಳಿದ ಮಕ್ಕಳು ಶಾಲೆ ಬಿಟ್ಟು ಹೋಗಿ, ಶಾಲೆಯಿಂದ ಯಾರಿಗೂ ಉಪಯೋಗವಿಲ್ಲದಂತಾದೀತು ಎಂದು ಹೇಳಿ ಅರ್ಜಿಯನ್ನು ತಳ್ಳಿಹಾಕಿತು.

ಆ ಒಂದು ಅರ್ಜಿ ಅಲ್ಲಿಗೇ ನಿಲ್ಲಲಿಲ್ಲ. ಅದು ಕಲ್ಕತ್ತೆಯ ಗವರ್ನರ್ ಜನರಲ್ಲನ ಸರ್ಕಾರದವರೆಗೆ ಹೋಯಿತು. ಬಂಗಾಳದ ಸರ್ಕಾರಿ ಶಾಲೆಯಾಗಿದ್ದರೆ ಹುಡುಗನಿಗೆ ಪ್ರವೇಶ ನಿರಾಕರಿಸುತ್ತಿರಲಿಲ್ಲವೆಂಬ ಅಭಿಪ್ರಾಯ 1857ರ ಜನವರಿಯಲ್ಲಿ ಅಲ್ಲಿಂದ ಬಂತು. ಕೊನೆಗೆ ಲಂಡನ್ನಿನಲ್ಲಿದ್ದ ಕಂಪನಿಯ ನಿರ್ದೇಶಕರು 1858ರ ಏಪ್ರಿಲ್ 28ರಂದು, ಸರ್ಕಾರದ ಶಾಲೆಗಳು ಎಲ್ಲ ಜಾತಿಯವರಿಗೂ ಸಮಾನವಾಗಿ ತೆರೆದಿರಬೇಕೆಂದು ಬರೆದರು. ತತ್ತ್ವವೇನೋ ಗೆದ್ದಿತು. 1882ರ ಹಂಟರ್ ಆಯೋಗವೂ ಅದನ್ನು ಎತ್ತಿಹಿಡಿಯಿತು. ಕಾಗದದ ಮೇಲಿನ ತತ್ತ್ವ ಶಾಲೆಯ ಚಾಪೆಯವರೆಗೆ ಬರಲು ಮಾತ್ರ ಇನ್ನೂ ಬಹಳ ಕಾಲ ಹಿಡಿಯಿತು. ಧಾರವಾಡದ ಆ ಹುಡುಗನನ್ನು ನೆನೆದಾಗಲೆಲ್ಲ ನನಗೆ ಒಂದು ಯೋಚನೆ ಬರುತ್ತದೆ. ನಮ್ಮ ಶಿಕ್ಷಣದ ಚರಿತ್ರೆಯಲ್ಲಿ ಶಾಲೆ ಕಟ್ಟಿದವರ ಹೆಸರುಗಳನ್ನು ಮಕ್ಕಳಿಗೆ ಹೇಳುತ್ತೇವೆ. ಶಾಲೆಯ ಹೊರಗೆ ನಿಂತು, ಒಂದು ಅರ್ಜಿ ಬರೆದು, ಬಾಗಿಲನ್ನು ಅಗಲ ಮಾಡಿದವನನ್ನೂ ಆ ಸಾಲಿನಲ್ಲಿ ಸೇರಿಸಬೇಡವೆ?

ಬಾಗಿಲ ಒಳಗಿನಿಂದ ಕೈಚಾಚಿದವರೂ ಇದ್ದರು. ಮೈಸೂರಿನಲ್ಲಿ 1881ರಲ್ಲಿ ಮಹಾರಾಣಿಯವರ ಬಾಲಿಕಾ ಪಾಠಶಾಲೆ ಆರಂಭವಾಯಿತು. ಅದಕ್ಕಾಗಿ ದುಡಿದ ಅಂಬಳೆ ನರಸಿಂಹಯ್ಯಂಗಾರ್ಯರ ಹೆಸರನ್ನು ಮೈಸೂರಿನವರು ಬಲ್ಲರು. ಮಂಗಳೂರಿನಲ್ಲಿ ಕುದ್ಮುಲ್ ರಂಗರಾಯರು 1892ರಲ್ಲಿ ಉರ್ವಾ ಚಿಲಿಂಬಿಯಲ್ಲಿ ದಲಿತರ ಮಕ್ಕಳಿಗಾಗಿ ಶಾಲೆ ತೆರೆದರು. 1897ರಲ್ಲಿ ಆ ಕೆಲಸಕ್ಕೆಂದೇ ಒಂದು ಸಂಸ್ಥೆಯನ್ನು ಕಟ್ಟಿದರು. ಸ್ವಂತ ಜಾತಿಯವರು ಬಹಿಷ್ಕಾರ ಹಾಕಿದರೂ ಹಿಂದೆಗೆಯಲಿಲ್ಲ. ಬಂದ ಮಕ್ಕಳಿಗೆ ಮಧ್ಯಾಹ್ನದ ಊಟವನ್ನೂ ಒದಗಿಸಿದರು. ಹಸಿದ ಮಗುವಿಗೆ ಓನಾಮ ರುಚಿಸದೆಂಬುದನ್ನು ಅವರು ಅರಿತಿದ್ದರು.

ಈಗ ನನ್ನ ಕಥೆಯ ಉಳಿದ ಭಾಗವನ್ನು ಹೇಳಬೇಕು. ಅದನ್ನು ನಾನು ಮೊದಲೇ ಹೇಳದೆ ಹೋದದ್ದು ಸಂಕೋಚದಿಂದ. ನಾನು ಗಂಟೆ ಬಾರಿಸಿದ ದಿನ ಶಾಲೆಯ ಎದುರಿನ ಹೊಂಗೆಯ ಮರದ ಕೆಳಗೆ ನನ್ನ ವಯಸ್ಸಿನವನೇ ಒಬ್ಬ ಹುಡುಗ ನಿಂತಿದ್ದ. ಊರ ಹೊರಗಿನ ಕೇರಿಯವನು. ನಮ್ಮನ್ನೆಲ್ಲ ಸೇರಿಸಿಕೊಂಡಾದ ಮೇಲೆ ಮೇಷ್ಟ್ರು ಮರದ ಬಳಿಗೆ ಹೋಗಿ, ಅವನ ಕೈ ಹಿಡಿದು ಕರೆತಂದರು. ಅವನ ಬೆರಳನ್ನೂ ಕಿವಿಗೆ ಮುಟ್ಟಿಸಿದರು. ಅವನಿಗೂ ಜೂನ್ 1 ಎಂದೇ ಬರೆದರು. ಆಮೇಲೆ ಅವನನ್ನು ನನ್ನ ಪಕ್ಕದಲ್ಲಿ ಕೂರಿಸಿದರು. ಸಂಜೆ ನಾನು ಇದನ್ನು ಹೇಳಿದಾಗ ಅಜ್ಜಿ ಮಾತಾಡಲಿಲ್ಲ. ಹಿತ್ತಲಿನಲ್ಲಿ ನಿಲ್ಲಿಸಿ ಎರಡು ಬಿಂದಿಗೆ ನೀರು ಸುರಿದು, ಅಂಗಿ ಬದಲಿಸಿ ಒಳಗೆ ಬಿಟ್ಟಳು. ಮಳೆಗಾಲ, ಚಳಿಯಿಂದ ನಡುಗಿದೆ. ತಪ್ಪು ಯಾರದೆಂದು ಆಗ ತಿಳಿಯಲಿಲ್ಲ.

ಮರುದಿನ ನಾನು ಎಲ್ಲರಿಗಿಂತ ಮೊದಲೇ ಹೋದೆ. ಗಂಟೆ ನನ್ನದೆಂದು ನಂಬಿದ್ದೆ. ಮೇಷ್ಟ್ರು ಸರಳನ್ನು ಕೈಯಲ್ಲಿ ಹಿಡಿದು ಕಾಯುತ್ತಿದ್ದರು. ಅವನು ಬಂದ. ಅವನನ್ನು ಎತ್ತಿ ಹಿಡಿದು, “ಬಾರಿಸಪ್ಪ, ಊರಿಗೆಲ್ಲ ಕೇಳಲಿ” ಎಂದರು. ಅದೇ ಮಾತು. ನನಗೆ ಅಳು ಬಂತು; ಹೊಟ್ಟೆಕಿಚ್ಚಿನ ಅಳು. ಆ ಗಂಟೆಯ ಸದ್ದು ನಮ್ಮ ಮನೆಯ ಹಿತ್ತಲಿಗೂ ಕೇಳಿತ್ತೆಂದು, ಅದು ಯಾರ ಕೈಯದೆಂದು ಅಜ್ಜಿಗೂ ಗೊತ್ತಾಯಿತೆಂದು ಆಮೇಲೆ ತಿಳಿಯಿತು. ಆ ವಾರವೆಲ್ಲ ಬಿಂದಿಗೆಯ ನೀರು ತಪ್ಪಲಿಲ್ಲ. ಯಾವಾಗ ನಿಂತಿತೋ ನೆನಪಿಲ್ಲ. ನಿಂತಿತು ಎಂಬುದು ನಿಜ. ಮೇಷ್ಟ್ರು ಈ ಬಗ್ಗೆ ಊರಿನವರಿಗೆ ಭಾಷಣ ಮಾಡಿದ್ದನ್ನು ನಾನು ಕೇಳಿಲ್ಲ. ದಿನಕ್ಕೊಬ್ಬರಂತೆ ಗಂಟೆ ಬಾರಿಸಿಸುತ್ತ ಹೋದರು, ಅಷ್ಟೆ. ಧಾರವಾಡದ ಅರ್ಜಿಗೂ ಅಂದಿಗೂ ಸರಿಯಾಗಿ ನೂರು ವರ್ಷವಾಗಿತ್ತೆಂಬುದು ನನಗೆ ಹೊಳೆದದ್ದು ಎಷ್ಟೋ ಕಾಲದ ಮೇಲೆ.

ಇಂದು ಕಾಲ ಬಹಳ ಮುಂದೆ ಬಂದಿದೆ. ನಮ್ಮ ರಾಜ್ಯದಲ್ಲಿ 2002ರಲ್ಲಿ ಕೆಲವು ಜಿಲ್ಲೆಗಳಲ್ಲಿ ಆರಂಭವಾದ ‘ಅಕ್ಷರ ದಾಸೋಹ’ದ ಬಿಸಿಯೂಟ ಬಳಿಕ ಎಲ್ಲೆಡೆ ಹಬ್ಬಿತು. 2010ರ ಏಪ್ರಿಲ್ ಒಂದರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕಿನ ಕಾಯಿದೆ ಆರರಿಂದ ಹದಿನಾಲ್ಕು ವರ್ಷದ ಪ್ರತಿ ಮಗುವಿಗೂ ಶಾಲೆಯನ್ನು ಹಕ್ಕಾಗಿ ಮಾಡಿತು. ವಯಸ್ಸಿನ ಪ್ರಮಾಣಪತ್ರವಿಲ್ಲವೆಂದು ಮಗುವನ್ನು ಹಿಂದಕ್ಕೆ ಕಳಿಸುವಂತಿಲ್ಲ. ಕೆರೆ ಕೋಡಿ ಬಿದ್ದ ವರ್ಷ ಹುಟ್ಟಿದವರಿಗೂ ಬಾಗಿಲು ತೆರೆದಿದೆ. ಮಗುವಿನ ಮೈಮುಟ್ಟಿ ದಂಡಿಸುವುದನ್ನೂ ಮನಸ್ಸನ್ನು ಹಿಂಸಿಸುವುದನ್ನೂ ಆ ಕಾಯಿದೆ ನಿಷೇಧಿಸಿದೆ. ಮೂರನೆಯವನಿಗೆ ಒಂದು, ನಾಲ್ಕನೆಯವನಿಗೆ ಎರಡು ಎಂಬ ಲೆಕ್ಕ ಕಾನೂನಿನ ಮಟ್ಟಿಗೆ ಮುಗಿದಿದೆ. ಬಳ್ಳಾರಿಯ ಐಗಳು ಕರೆದ ಮನೆಗೆ ಮಾತ್ರ ಹೋಗುತ್ತಿದ್ದರು. ಇಂದಿನ ಉಪಾಧ್ಯಾಯರು ಕರೆಯದ ಮನೆಗೂ ಹೋಗಿ ಮಗುವನ್ನು ಕರೆಯುತ್ತಾರೆ. ಆದ್ದರಿಂದ ಆ ಎತ್ತಿನ ಗಾಡಿಯ ಮೆರವಣಿಗೆಯನ್ನು ಆಡಂಬರವೆಂದು ಹಳಿಯಲು ನನಗೆ ಮನಸ್ಸಿಲ್ಲ. ಎಷ್ಟೋ ಮಕ್ಕಳ ಪಾಲಿಗೆ ಅದು ಎರಡು ಶತಮಾನ ತಡವಾಗಿ ಬಂದ ಆಹ್ವಾನ.

ಆದರೆ ಬಳ್ಳಾರಿಯ ಪತ್ರ ಒಂದು ಎಚ್ಚರಿಕೆಯನ್ನೂ ಹೇಳುತ್ತದೆ. ಅಕ್ಕಿಯ ಮೇಲೆ ಬೆರಳು ಹಿಡಿದು ಬರೆಸಿದ ಕೈಯೇ ಮರುದಿನ ಬೆಳಗ್ಗೆ ಬೆತ್ತವನ್ನೂ ಹಿಡಿದಿತ್ತು. ಮೊದಲ ದಿನವನ್ನು ಚೆಲುವಾಗಿ ಮಾಡುವುದು ಅಷ್ಟು ಕಷ್ಟವಲ್ಲ. ಒಂದು ತೋರಣ, ಒಂದು ಹೂವು, ಒಂದು ಸಿಹಿ ಸಾಕು. ತೋರಣ ಬಾಡಿದ ಮೇಲೆ ಮಗುವಿನ ಹೆಸರು ಉಪಾಧ್ಯಾಯರಿಗೆ ನೆನಪಿರುತ್ತದೆಯೆ, ನಿನ್ನೆ ಮರದ ಕೆಳಗೆ ನಿಂತಿದ್ದವನು ಇಂದು ಯಾರ ಪಕ್ಕದಲ್ಲಿ ಕೂತಿದ್ದಾನೆ, ಗಂಟೆಯ ಸರಳು ಯಾರ ಕೈಗೆ ಹೋಯಿತು ಎಂಬುದೇ ಶಾಲೆಯ ನಿಜವಾದ ಪರೀಕ್ಷೆ. ಆ ಪರೀಕ್ಷೆಯಲ್ಲಿ ಕೂರುವವರು ಮಕ್ಕಳಲ್ಲ, ನಾವು.

ನನ್ನ ಪಕ್ಕದಲ್ಲಿ ಕೂತಿದ್ದ ಆ ಗೆಳೆಯ ಮುಂದೆ ತಾನೂ ಮೇಷ್ಟ್ರಾದ. ಪ್ರತಿವರ್ಷ ಜೂನ್ ಒಂದರಂದು ನಾವು ಒಬ್ಬರಿಗೊಬ್ಬರು ಹುಟ್ಟುಹಬ್ಬದ ಶುಭಾಶಯ ಹೇಳಿಕೊಳ್ಳುತ್ತೇವೆ. ಇಬ್ಬರೂ ಹುಟ್ಟಿದ್ದು ಆ ದಿನವಲ್ಲವೆಂದು ಇಬ್ಬರಿಗೂ ಗೊತ್ತು.